ಕ್ಯಾಂಪಿಗೆ ಬಂದ ನಕ್ಷೆ ಮೇಡಂ

ಅವತ್ತು ಅಂಗನವಾಡಿ ಗುಡಿಸಿದ್ದೆ, ಎರಡು ಕೊಡ ನೀರು ತಂದಿದ್ದೆ, ಮಕ್ಕಳ ತೂಕ ಬರೆದಿದ್ದೆ, ಮೊಟ್ಟೆ ಸುಲಿಯುತ್ತ ಕೂತಿದ್ದೆ. ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಎಡಗಣ್ಣು ಅರ್ಧ ಮುಚ್ಚಿತ್ತು. ವರ್ಷಗಟ್ಟಲೆ ಉಪಗ್ರಹದ ಚಿತ್ರಗಳಲ್ಲಿ ಮನೆ ಹುಡುಕಿ ಹುಡುಕಿ ಆ ಕಣ್ಣು ಹಾಗೇ ಕಿರಿದಾಗಿ ಉಳಿದಿತ್ತಂತೆ. ನಾವು ಅವರನ್ನು ಕೊನೆಯವರೆಗೂ ನಕ್ಷೆ ಮೇಡಂ ಎಂದೇ ಕರೆದೆವು.

ಆಕಾಶದಿಂದ ತೆಗೆದ ಚಿತ್ರದಲ್ಲಿ ಮನೆಗಳ ಸೂರು, ಮಾಳಿಗೆಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿ, ಅದರಿಂದ ಎಣಿಸಿ, ಎಲ್ಲಿ ಎಷ್ಟು ಜನ ಇದ್ದಾರೆಂದು ನಕ್ಷೆ ಮಾಡುವುದು ಅವರ ಕೆಲಸ. ಅದನ್ನು ನೋಡಿಯೇ ಆರೋಗ್ಯ ಉಪಕೇಂದ್ರ ಯಾವ ಊರಿಗೆಂದು ತೀರ್ಮಾನ. ನಮ್ಮ ಕ್ಯಾಂಪಿನ ಮೇಲೆ ಸೊನ್ನೆ ಬಿದ್ದಿತ್ತು. ಹೆರಿಗೆಗೆಂದು ಸಿಂಧನೂರಿಗೆ ಆಟೋದಲ್ಲಿ ಹೋಗುವಾಗ ಕಾಲುವೆ ದಂಡೆಯ ಮೇಲೇ ಹೆತ್ತವರು ನಮ್ಮಲ್ಲಿದ್ದಾರೆ. ನಾನು ತಕರಾರು ಅರ್ಜಿ ಬರೆದಿದ್ದೆ.

“ಅರ್ಜಿ ಬರೆದವ್ರು ನೀವೇನ್ರಿ ಟೀಚರ್? ತಪ್ಪು ನಂದೈತ್ರಿ. ನಾ ಲಿಂಗಸುಗೂರು ಕಡಿಯಾಕಿ, ಈ ಕಾಲುವಿ ಕಡಿದು ಗೊತ್ತಿರಲಿಲ್ರಿ. ಕ್ಯಾಂಪ್ ಅಂದ್ರ ನಾಕು ದಿನದ ಗುಡಾರ ಅನಕೊಂಡೆ.”

ಕಾಲುವೆ ಬಂದಾಗ ಆಂಧ್ರದಿಂದ ಬಂದವರು ಕಟ್ಟಿದ ಊರಿಗೆ ಇಲ್ಲಿ ಕ್ಯಾಂಪ್ ಎಂದೇ ಹೆಸರು. ಮೂರು ತಲೆಮಾರು ಕಳೆದರೂ ಅದೇ. ಸಾಲದ್ದಕ್ಕೆ ಬೇಸಿಗೆಯಲ್ಲಿ ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸುತ್ತೇವೆ. ಮೇಲಿನಿಂದ ನಮ್ಮ ಮನೆಗಳು ಬಣವೆಗಳಂತೆ ಕಂಡಿದ್ದವು.

ಪಕ್ಕದ ಮನೆಯ ಅಜ್ಜಿ ಬಿಡಲಿಲ್ಲ. “ಏನಮ್ಮಾ, ಮದಿವ್ಯಾಗಿ ಬಂದಾಗಿಂದ ಇಲ್ಲೇ ಅದೀನಿ. ಬಣವ್ಯಾಗ ಮಲಗ್ತೀನೇನು?”

“ಹುಲ್ಲಷ್ಟ ಕಂಡ್ತು ಯವ್ವಾ, ನೀ ಕಾಣಲಿಲ್ಲ.”

ಮೇಡಂ ಮನೆಮನೆ ತಿರುಗಿದರು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು ಹೆಂಗಸರು ಲೆಕ್ಕ ಹೇಳುವುದಿಲ್ಲವಲ್ಲ, ಅದಕ್ಕೆ ಮಂದಿ ಎಷ್ಟೆಂದು ನೇರ ಕೇಳುತ್ತಿರಲಿಲ್ಲ. “ಮುಂಜಾನಿ ಎಷ್ಟು ರೊಟ್ಟಿ ಬಡೀತೀರಿ?” ಎಂದರು. ಮೊದಲ ಮನೆಯಲ್ಲೇ ನಗೆ.

“ನಾವು ಅನ್ನದ ಮಂದಿ, ಮೇಡಂ. ಅಕ್ಕಿ ಕೇಳ್ರಿ.”

ಮುಂದಿನ ಮನೆಗಳಲ್ಲಿ ಅಕ್ಕಿ ಎಷ್ಟು ಸೇರು ಎಂದು ಕೇಳಿದರು. “ಚಿತ್ರದಾಗ ಮಾಳಿಗಿ ಕಾಣ್ತಾವ್ರಿ, ಒಲಿ ಕಾಣಂಗಿಲ್ಲ” ಎನ್ನುತ್ತ ನಮ್ಮ ಕಟ್ಟೆಯ ಮೇಲೆ ಕೂತು ನಕ್ಷೆ ತಿದ್ದಿದರು. ಮೇಲಿನವರಿಗೆ ತಪ್ಪು ತನ್ನದೆಂದೇ ಬರೆದು ಕಳಿಸಿದರು. ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಬಹುದಿತ್ತಲ್ಲ ಎಂದೆ.

“ಅದಕ್ಕ ಕ್ಯಾಂಪ್ ಅಂದ್ರ ಏನಂತ ಹೇಳಿಕೊಟ್ಟಾಕಿ ನಾನಽ ಅಲ್ಲೇನ್ರಿ?”

ಉಪಕೇಂದ್ರ ನಮಗೇ ಬಂತು. ನನ್ನ ಸೊಸೆ ಅಲ್ಲಿಯೇ ಹೆತ್ತಳು. ಮೊಮ್ಮಗಳನ್ನು ಮೇಡಂ ಅವರಿಗೆ ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮಸ್ಕಿಯ ಮಗಳ ಮನೆಯಲ್ಲಿ ತೀರಿಕೊಂಡರು.

ನಕ್ಷೆ ತಿದ್ದಿದ ಆ ಮಧ್ಯಾಹ್ನ ಅನ್ನ, ಪುಂಡಿಸೊಪ್ಪು ಹಾಕಿದ ಬೇಳೆಯ ಪಪ್ಪು, ಮಜ್ಜಿಗೆ ಮೆಣಸಿನಕಾಯಿ ಉಂಡೆವು. ಚಾಪೆಯ ಮೇಲೆ ಮೊದಲು ನಿದ್ದೆಹೋದವರು ಮೇಡಂ. ಅವರನ್ನು ಬೈದಿದ್ದ ಅಜ್ಜಿಯೇ ಪಕ್ಕದಲ್ಲಿ ಕೂತು, ನೊಣ ಬಾರದಂತೆ ಸೆರಗು ಬೀಸುತ್ತಿದ್ದಳು.