ಡಿಶ್ಶಿಗೆ ಬಿದ್ದ ಕಣ್ಣು

ಫೋನ್ ಲೈನು ನಂಬೋ ಹಾಗಿಲ್ಲ ಅಂತ ನಮ್ಮ ಕಂಪನಿ ನಾಗಮಂಗಲದ ಆಫೀಸಿಗೆ ಸ್ಯಾಟಲೈಟ್ ಡಿಶ್ ಹಾಕಿಸಿತು. ಅದನ್ನು ಮಾಳಿಗೆ ಮೇಲೆ ನಿಲ್ಲಿಸಿದವನು ಅದೇ ಊರಿನ ಶಿವಣ್ಣ. ಸಂದೇಶ ಯಾವ ದಾರೀಲಿ ಪಾಂಡವಪುರದ ಆಫೀಸು ಸೇರಬೇಕು ಅಂತ ಮೋಡೆಮ್ಮಿಗೆ ಐಪಿ ನಂಬರು ಒಂದೊಂದಾಗಿ ಕುಟ್ಟಿ ಕಲಿಸಿದವನು ಬೆಂಗಳೂರಿಂದ ಬಂದಿದ್ದ ನಾನು.

ಲೈನು ಹತ್ತಿದ್ದೇ ತಡ, ಎಳನೀರು, ಹೊಗಳಿಕೆ ಎಲ್ಲ ಶಿವಣ್ಣನಿಗೆ. ಮ್ಯಾನೇಜರ್ ಗೌಡರು ಅವನ ಬೆನ್ನು ತಟ್ಟಿ, "ಆಕಾಸಕ್ಕೇ ಏಣಿ ಆಕ್ಬುಟ್ಟೆ ಕಣ್ಲಾ!" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ದು ಟೈಪಿಂಗ್ ಕೆಲ್ಸವಾ ಸಾರ್?" ಅಂತ ಕೇಳಿದರು. ನನ್ನ ಹೊಟ್ಟೆ ಉರಿದುಹೋಯಿತು.

ಊಟ ಮುಗಿಸಿ ಬರುವಷ್ಟರಲ್ಲಿ ಲೈನು ಸತ್ತಿತ್ತು.

"ನಿಮ್ ನಂಬರೇ ತಪ್ಪಾಗದೆ," ಅಂದ ಶಿವಣ್ಣ.

ನಂಬರೆಲ್ಲ ಸರಿಯಾಗಿಯೇ ಇತ್ತು. ಉರಿಯುತ್ತಲೇ ಮಾಳಿಗೆ ಹತ್ತಿದೆ. ಡಿಶ್ಶಿನ ಮುಂದಿನ ಮೂತಿಗೆ ಅಡ್ಡಲಾಗಿ, ಕುಂಕುಮ ಬಳಿದ ದೊಡ್ಡ ಬೂದುಗುಂಬಳಕಾಯಿ ನೇತಾಡುತ್ತಿತ್ತು. ಊಟದ ಹೊತ್ತಲ್ಲಿ ಗೌಡರೇ ಪೂಜೆ ಮಾಡಿಸಿ ಕಟ್ಟಿಸಿದ್ದರಂತೆ.

"ಇದನ್ನ ಬಿಚ್ಚಿಸಿ, ಸಿಗ್ನಲ್ಲಿಗೆ ಅಡ್ಡ ಆಗ್ತಿದೆ," ಅಂದೆ.

ಹಿಂದೆಯೇ ಹತ್ತಿ ಬಂದ ಗೌಡರು ಗಾಬರಿಯಾದರು. "ಅಯ್ಯೋ ಬ್ಯಾಡಿ ಸಾರ್! ಯಾರ್ದಾದ್ರೂ ಕೆಟ್ ಕಣ್ಣು ಬಿದ್ಬುಟ್ಟಾತು!"

"ಧೈರ್ಯವಾಗಿ ಬಿಚ್ಚಿಸಿ ಗೌಡ್ರೇ," ಅಂದೆ. "ಆ ಕಣ್ಣು ಸಂಜೆ ಬಸ್ಸಿಗೆ ಬೆಂಗಳೂರಿಗೆ ಹೊರಟಿದೆ."