ಅಳಿಸಿದ ಕ್ಯಾಸೆಟ್

“ಆ ಹಾಳಿ ಇವರ ಕೈಗೆ ಸಿಕ್ಕದ ನೋಡವ್ವಾ. ಅವತ್ತು ನಾ ಹೇಳಿದ್ದೆಲ್ಲಾ ಅಳಿಸಿಬಿಡು. ಬ್ಯಾಡ ಅನ್ನೋ ಹಕ್ಕು ನಂಗದ ಅಂತ ಅದರಾಗ ಬರದದಂತ.”

ಫೋನಿನಲ್ಲಿ ಧಾರವಾಡ ಕಡೆಯ ಆಂಟಿ ತಡೆತಡೆದು ಹೇಳುತ್ತಿದ್ದರು. ಪಕ್ಕದಲ್ಲೇ ಅವರ ಗಂಡ ಒಂದೊಂದೇ ಮಾತು ಹೇಳಿಕೊಡುತ್ತಿದ್ದುದು ನನಗೂ ಕೇಳಿಸಿತು.

ನಾನಾಗ ಕ್ರೈಸ್ಟ್‌ಚರ್ಚ್‌ನಲ್ಲಿ ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವ ವಿಷಯದಲ್ಲಿ ಎಂ.ಎ. ಓದುತ್ತಿದ್ದೆ. ಗಂಡನ ವೀಸಾದ ಮೇಲೆ ಬಂದ ಹೆಂಗಸರ ಬಗ್ಗೆ ನನ್ನ ಪ್ರಬಂಧ. ವಾರದ ಹಿಂದೆ ಅಲ್ಲಿನ ರಿಕ್ಕರ್ಟನ್ ಮಾಲ್‌ನಲ್ಲಿ, ಅಂಥವರಲ್ಲೊಬ್ಬರಾದ ಆಂಟಿಗೆ ಸಂದರ್ಶನದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಸಹಿ ಹಾಕಿಸಿಕೊಂಡು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದೆ. ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿದೆ, ಅಪ್ಪ ತೀರಿಕೊಂಡಾಗಲೂ ಊರಿಗೆ ಕಳಿಸಲಿಲ್ಲ ಎಂದು ಹೇಳಿಕೊಂಡು ಅತ್ತಿದ್ದರು. ಹೊರಡುವಾಗ ಒಪ್ಪಿಗೆ ಪತ್ರದ ಪ್ರತಿಯನ್ನು, ನಿಯಮದಂತೆ, ನಾನೇ ಮಡಚಿ ಅವರ ಚೀಲದಲ್ಲಿಟ್ಟಿದ್ದೆ.

“ಆಂಟಿ, ನೀವು ಹುಷಾರಾಗಿದ್ದೀರಾ?” ಎಂದೆ. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಬೇಡವೆಂದ ಮೇಲೆ ಕ್ಯಾಸೆಟ್‌ನಲ್ಲಿ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅವರ ಮಾತಿನ ಮೇಲೆ ನನ್ನ ಖಾಲಿ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿದೆ. ಐವತ್ತು ನಿಮಿಷದ ಮಾತು ಅಳಿಸಲು ಐವತ್ತು ನಿಮಿಷವೇ ಹಿಡಿಯಿತು.

ಪ್ರಬಂಧ ಪಾಸಾಯಿತು. ನಾನು ಆಂಟಿಗೆ ಓದಿ ಹೇಳಿದ ಹಕ್ಕುಗಳಲ್ಲಿ ಚಲಾವಣೆಗೆ ಬಂದದ್ದು ಬೇಡ ಎನ್ನುವ ಹಕ್ಕೊಂದೇ. ಚಲಾಯಿಸಿದವರು ಅವರ ಗಂಡ.