ಗೋಡೆ ತಟ್ಟುತ್ತಿದ್ದ ಮೇಸ್ತ್ರಿ

ಮೇಸ್ತ್ರಿಗಳ ಹಿಮ್ಮಡಿ ನೆಲಕ್ಕೆ ಊರಿದ್ದನ್ನು ನಾನು ಕಂಡಿದ್ದೇ ಕಡಿಮೆ. ಸದಾ ತುದಿಗಾಲು, ಎಣ್ಣೆ ಹತ್ತಿದ ಬೆರಳಿನಲ್ಲಿ ಗಡ್ಡ ಎಳೆದುಕೊಳ್ಳುವುದು, ಅರ್ಧ ಕುಡಿದ ಚಹಾ ಇಟ್ಟಲ್ಲೇ ಮರೆಯುವುದು. ಶಿರಾದಲ್ಲಿ ಈ ಸಾಬರ ಪಂಪುಸೆಟ್ಟು ರಿಪೇರಿ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಮಣ್ಣಿನ ಗೋಡೆ.

ಅರವತ್ತರ ದಶಕದ ಶುರುವಿನಲ್ಲಿ ಅವರು ಹಳೆಯ ಸಣ್ಣ ಲೇತೊಂದನ್ನು ತರಿಸಿದರು. ಕಬ್ಬಿಣದ ಸರಳನ್ನು ಗಿರಗಿರನೆ ತಿರುಗಿಸಿ ಕಡೆಯುವ ಯಂತ್ರ. ಅದು ಬರುವ ಮುಂಚೆ ಹದಿನೈದು ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದರ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ, ಗೆರೆ ತುಳಿದ ಗಿರಾಕಿಗಳನ್ನು ಬೈದದ್ದೇ ಬೈದದ್ದು. ಯಂತ್ರವೇನೋ ಗೆರೆಯೊಳಗೆ ಸರಿಯಾಗಿ ಕೂತಿತು. ಸಿಮೆಂಟು ಹಾಕಿ ಬೋಲ್ಟು ಬಿಗಿದ ಮೇಲೆ ನೋಡಿದರೆ, ಉದ್ದದ ಸರಳು ಯಂತ್ರದ ತಲೆಯೊಳಗಿಂದ ಹಾದು ಹಿಂದಕ್ಕೆ ಚಾಚಲು ಜಾಗವೇ ಇಲ್ಲ, ಗೋಡೆ ಅಡ್ಡ.

“ಯಂತ್ರಾನ ಅಳೆದೆ, ಸರಳು ಅಳೀನೇ ಇಲ್ಲ ನೋಡಿ ಭಾಯಿ,” ಎಂದು ನನ್ನ ಬಾಗಿಲಿಗೆ ಬಂದರು. ನನಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ತೂತು ಕೊರೆಯಲು ಒಪ್ಪಿದೆ. ಸರಳಿನ ತುದಿ ನನ್ನ ಅಂಗಡಿಯೊಳಗೆ ಚಾಚಿ ತಿರುಗುವುದರಿಂದ ಅವರೇ ಒಂದು ಕಟ್ಟಳೆ ಮಾಡಿಕೊಂಡರು. ಗೋಡೆಯನ್ನು ಮೂರು ಸಲ ತಟ್ಟಿ “ಸರಳು ತಿರುಗ್ತದೆ” ಎನ್ನುವುದು. ನಾನು “ತಿರುಗ್ಲಿ” ಎಂದ ಮೇಲಷ್ಟೇ ಯಂತ್ರ ಶುರು. ಆ ಒಂದು ಮಾತಿಗೆ ಮಾತ್ರ ಅವರು ಕಾಯುತ್ತಿದ್ದರು.

ಒಂದು ಬೇಸಿಗೆ, ಬರಗೂರಿನಿಂದ ಬಂದಿದ್ದ ಅಮ್ಮನನ್ನು ಅಂಗಡಿಯಲ್ಲಿ ಕೂರಿಸಿ ಗುಂಡಿ ತರಲು ಹೋದೆ. ಅಮ್ಮನಿಗೆ ಕಿವಿ ಮಂದ. ಮರಳಿ ಬಂದಾಗ ಪಕ್ಕದಂಗಡಿಯಲ್ಲಿ ಮದಲೂರಿನ ರೈತನೊಬ್ಬ, “ಬಸ್ಸು ಹೊರಟೋಗ್ತೈತೆ, ಸುರು ಮಾಡಿ ಸಾಬರೆ,” ಎಂದು ಕೂಗುತ್ತಿದ್ದ. ಮೇಸ್ತ್ರಿ ನನ್ನ ಬಾಗಿಲಿಗೆ ಒರಗಿ ಬೆವರುತ್ತಿದ್ದರು. ಒಳಗೆ ಅಮ್ಮ, ಮುಖ ತೊಳೆದು ಒರೆಸಿಕೊಂಡ ಸೆರಗನ್ನು ಗೋಡೆಯಿಂದ ಈಚೆ ಚಾಚಿದ್ದ ಸರಳಿನ ಮೇಲೆ ಒಣಗಲು ಹರವಿ, ಕೂತಲ್ಲೇ ತೂಕಡಿಸುತ್ತಿದ್ದಳು.

“ತಟ್ಟಿದೆ, ಉತ್ತರ ಬರ್ಲಿಲ್ಲ. ಮತ್ತೆ ತಟ್ಟಿದೆ,” ಎಂದರು. “ಬಂದು ನೋಡಿದ್ರೆ ಅಮ್ಮ ಬಟ್ಟೆ ಒಣಗಿಸ್ಕಂತಾವ್ರೆ. ಒಣಗ್ಲಿ ಬುಡಿ. ಇಂಗಾಯ್ತು ಅಂತ ಹೇಳ್ಬ್ಯಾಡಿ, ಹೆದರ್ಕಂಡು ಅಂಗ್ಡಿಗೇ ಬರಾಕಿಲ್ಲ.”

ಸರಳು ತಿರುಗಿದ್ದರೆ ಸೆರಗಿನ ಜೊತೆ ಅಮ್ಮನನ್ನೂ ಸುತ್ತಿಕೊಳ್ಳುತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ಬಂದಾಗಲೆಲ್ಲ ಅವಳು, “ಆ ಸಾಬರಿಗೆ ಒಂದ್ ಗಳಿಗೆ ತಾಳ್ಮೆ ಇಲ್ಲ ಕಣ್ಲಾ,” ಎಂದು ನಗುವಳು. ನಾನು ಹೂಂ ಎನ್ನುವೆ.

ಐದಾರು ವರ್ಷದ ಮೇಲೆ ಮೇಸ್ತ್ರಿಗಳು ತೀರಿಕೊಂಡರು. ಮಣ್ಣು ಮುಗಿಸಿ ಬಂದವನು ಅಮ್ಮನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

“ಅವತ್ತೇ ಯಾಕ್ಲಾ ಹೇಳ್ಲಿಲ್ಲ?” ಎಂದಳು. “ಒಂದ್ಸಲ ಕೈ ಮುಗೀತಿದ್ದೆ.”